ಚಾಕೊಲೇಟ್ ಸಿಸ್ಟ್ 4.8 ಸೆಂ.ಮೀ. ಇದೆ: ಮೊದಲು ಆಪರೇಷನ್ನೋ, ಮೊದಲು ಮಗುವೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯಕ್ಕೆ ಕೇಳುತ್ತಿದ್ದೇನೆ. ವಯಸ್ಸು 28, ಮಗುವಿಗೆ ಪ್ರಯತ್ನ ಶುರುಮಾಡಿ 7 ತಿಂಗಳು. ಮುಟ್ಟು 28-30 ದಿನಕ್ಕೆ ಸರಿಯಾಗಿ ಬರುತ್ತದೆ, ಆದರೆ ಮೊದಲ ಎರಡು ದಿನ ಮಾತ್ರೆ ಇಲ್ಲದೆ ಏಳಲಾಗದಷ್ಟು ನೋವು.

ಮುಟ್ಟಿನ 13ನೇ ದಿನ ಒಳಗಿನಿಂದ ಮಾಡಿದ ಸ್ಕ್ಯಾನ್‌ನಲ್ಲಿ ಹೀಗಿದೆ: ಎಡ ಅಂಡಾಶಯದಲ್ಲಿ 4.8 × 4.2 × 4.0 ಸೆಂ.ಮೀ. ಸಿಸ್ಟ್, ಒಂದೇ ಕೋಣೆ, 'ಗ್ರೌಂಡ್ ಗ್ಲಾಸ್ ಎಕೋಸ್' (ಒಳಗೆಲ್ಲ ಮಸುಕು ಗಾಜಿನಂತೆ ಕಾಣುವುದು), ಗಟ್ಟಿ ಭಾಗ ಇಲ್ಲ, ಡಾಪ್ಲರ್‌ನಲ್ಲಿ ಒಳಗೆ ರಕ್ತಸಂಚಾರ ಇಲ್ಲ. ಬಲ ಅಂಡಾಶಯದಲ್ಲಿ 2.1 ಸೆಂ.ಮೀ. ತಿಳಿನೀರಿನ ಸಿಸ್ಟ್. ಕೊನೆಯಲ್ಲಿ 'ಎರಡೂ ಅಂಡಾಶಯಗಳಲ್ಲಿ ಸಿಸ್ಟ್' ಎಂದು ಬರೆದಿದ್ದಾರೆ. ರಕ್ತಪರೀಕ್ಷೆಯಲ್ಲಿ ಸಿಎ-125 (ಕ್ಯಾನ್ಸರ್ ಅನುಮಾನಕ್ಕೆ ನೋಡುವುದು) 62, ಎಎಂಎಚ್ (ಮೊಟ್ಟೆಗಳ ದಾಸ್ತಾನು ಅಂದಾಜಿಸುವ ಹಾರ್ಮೋನ್) 1.9.

ಒಬ್ಬ ಡಾಕ್ಟರು ಮುಂದಿನ ವಾರವೇ ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಆಪರೇಷನ್) ಅಂದರು. ಇನ್ನೊಬ್ಬರು ಮೊದಲು ಗರ್ಭಕ್ಕೆ ಪ್ರಯತ್ನಿಸಿ, ಆಪರೇಷನ್ ಆಮೇಲೆ ನೋಡೋಣ ಅಂದರು. ಅಂಡಾಶಯಕ್ಕೆ ಕತ್ತರಿ ಬಿದ್ದರೆ ಮಕ್ಕಳಾಗಲ್ಲ ಅಂತ ಮನೆಯಲ್ಲಿ ಕೆಲವರು, ಸಿಸ್ಟ್ ಇಟ್ಟುಕೊಂಡು ಬಸಿರಾದರೆ ಅಪಾಯ ಅಂತ ಇನ್ನು ಕೆಲವರು. ಮಾತ್ರೆಯಲ್ಲಿ ಇದು ಕರಗುತ್ತದೆಯೇ? ಆಪರೇಷನ್ ಮಾಡಿದರೆ ಮೊಟ್ಟೆಗಳು ಎಷ್ಟು ಹೋಗುತ್ತವೆ? ಈ ಎಎಂಎಚ್ ಕಡಿಮೆಯೇ? ಸಿಎ-125 ನೋಡಿ ಅಮ್ಮ ಕ್ಯಾನ್ಸರ್ ಎಂದು ಹೆದರಿ ಊಟ ಬಿಟ್ಟಿದ್ದಾರೆ.

ಧ್ವನಿಚಿತ್ರ

ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ಸಿಎ-125ಕ್ಕೆ ಲ್ಯಾಬಿನವರು 35 ಎಂದು ಗೆರೆ ಹಾಕಿರುತ್ತಾರೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದ್ದರೆ, ಮುಟ್ಟಿನ ದಿನಗಳಲ್ಲಿ ರಕ್ತ ತೆಗೆದಿದ್ದರೆ, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ದರೆ, ಸೋಂಕು ಇದ್ದರೆ ಅದು ಆ ಗೆರೆ ದಾಟುತ್ತದೆ. 28ರ ವಯಸ್ಸಿನಲ್ಲಿ, ಸ್ಕ್ಯಾನ್ ಹೀಗಿರುವಾಗ, 62 ಎಂಬ ಅಂಕಿಯಿಂದ ಕ್ಯಾನ್ಸರ್ ಎನ್ನಲು ಬರುವುದಿಲ್ಲ. ಅಪಾಯದ ಗುರುತು ಸ್ಕ್ಯಾನ್ ಚಿತ್ರದಲ್ಲಿ ಸಿಗಬೇಕು: ಗೋಡೆಯಿಂದ ಒಳಕ್ಕೆ ಚಾಚಿದ ಹೂಕೋಸಿನಂಥ ಮೊಳಕೆಗಳು, ಗಟ್ಟಿ ಭಾಗದೊಳಗೆ ಜೋರು ರಕ್ತಸಂಚಾರ, ಹೊಟ್ಟೆಯಲ್ಲಿ ನೀರು. ನಿಮ್ಮ ರಿಪೋರ್ಟ್‌ನಲ್ಲಿ ಇವು ಒಂದೂ ಇಲ್ಲ. ಓ-ರ್‍ಯಾಡ್ಸ್ ಎಂಬ, ಸ್ಕ್ಯಾನ್ ನೋಡಿ ಸಿಸ್ಟಿನ ಅಪಾಯ ಅಳೆಯುವ ವರ್ಗೀಕರಣದಲ್ಲಿ 10 ಸೆಂ.ಮೀ.ಗಿಂತ ಚಿಕ್ಕದಾದ, ಸ್ಪಷ್ಟ ಲಕ್ಷಣದ ಚಾಕೊಲೇಟ್ ಸಿಸ್ಟ್ 2ನೇ ವರ್ಗಕ್ಕೆ ಬರುತ್ತದೆ. ಆ ವರ್ಗದಲ್ಲಿ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ.

ಬಲಗಡೆಯ 2.1 ಸೆಂ.ಮೀ. ಸಿಸ್ಟ್ ಅನ್ನು ಲೆಕ್ಕದಿಂದ ತೆಗೆದುಬಿಡಿ. 13ನೇ ದಿನ, ತಿಳಿನೀರು, 21 ಮಿ.ಮೀ.: ಅದು ಆ ತಿಂಗಳ ಮೊಟ್ಟೆ ಬೆಳೆಯುತ್ತಿರುವ ಕೋಶ, ಮರುದಿನವೋ ಆಚೆ ದಿನವೋ ಒಡೆಯಬೇಕಾದದ್ದು. 3 ಸೆಂ.ಮೀ.ವರೆಗಿನ ತಿಳಿನೀರಿನ ಗುಳ್ಳೆಯನ್ನು ಮುಟ್ಟು ಬರುವ ವಯಸ್ಸಿನಲ್ಲಿ ಸಿಸ್ಟ್ ಎಂದು ಕರೆಯಲೇಬಾರದು. 'ಎರಡೂ ಕಡೆ ಸಿಸ್ಟ್' ಎಂಬ ಆ ಒಂದು ಸಾಲು ಎಷ್ಟು ಮನೆಗಳಲ್ಲಿ ನಿದ್ದೆ ಕೆಡಿಸಿದೆಯೋ! ಬಲ ಅಂಡಾಶಯ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿ.

ಎಡಗಡೆಯದು ಬಹುಮಟ್ಟಿಗೆ ಚಾಕೊಲೇಟ್ ಸಿಸ್ಟೇ, ಅಂದರೆ ಹಳೆಯ ಮುಟ್ಟಿನ ರಕ್ತ ಗಟ್ಟಿಯಾಗಿ ತುಂಬಿದ ಎಂಡೊಮೆಟ್ರಿಯೋಮಾ. ಆದರೆ ಮೊಟ್ಟೆ ಒಡೆದ ಜಾಗದಲ್ಲಿ ರಕ್ತ ತುಂಬಿಕೊಂಡ ಸಾಧಾರಣ ಸಿಸ್ಟ್ ಕೂಡ ಕೆಲವೊಮ್ಮೆ ಹೀಗೇ ಕಾಣುತ್ತದೆ. ಅದರೊಳಗೆ ಸಾಮಾನ್ಯವಾಗಿ ಜೇಡರಬಲೆಯಂಥ ಎಳೆಗಳಿರುತ್ತವೆ, ಎರಡು ಮೂರು ಮುಟ್ಟಿನೊಳಗೆ ತಾನಾಗಿ ಕುಗ್ಗುತ್ತದೆ. ಚಾಕೊಲೇಟ್ ಸಿಸ್ಟ್ ಕುಗ್ಗದೆ ಹಾಗೇ ಕೂತಿರುತ್ತದೆ. ಹಾಗಾಗಿ 8ರಿಂದ 12 ವಾರ ಬಿಟ್ಟು, ಮುಟ್ಟಿನ 5ರಿಂದ 10ನೇ ದಿನದೊಳಗೆ, ಆದಷ್ಟು ಅದೇ ಸ್ಕ್ಯಾನ್ ಸೆಂಟರಿನಲ್ಲಿ ಇನ್ನೊಮ್ಮೆ ನೋಡಿಸಿ. ಎರಡು ವರ್ಷದ ಹಿಂದಿನ ಸ್ಕ್ಯಾನ್ ಇದ್ದು, ಅದೇ ಜಾಗದಲ್ಲಿ ಆಗಲೂ ಇದ್ದಿದ್ದರೆ ಈ ಅನುಮಾನ ಅಲ್ಲಿಗೇ ತೀರಿತು.

ಮುಂದಿನ ಸ್ಕ್ಯಾನ್‌ಗೆ ಚೀಟಿಯಲ್ಲಿ ಬರೀ 'ಸಿಸ್ಟ್ ನೋಡಿ' ಎಂದು ಇರಬಾರದು. ಎರಡೂ ಅಂಡಾಶಯಗಳಲ್ಲಿ ಚಿಕ್ಕ ಮೊಟ್ಟೆಕೋಶಗಳು ಎಷ್ಟೆಷ್ಟು, ಗರ್ಭಕೋಶ ಮತ್ತು ಕರುಳು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆಯೇ ಅಥವಾ ಅಂಟಿವೆಯೇ, ಗರ್ಭನಳಿಕೆಯಲ್ಲಿ ನೀರು ತುಂಬಿದೆಯೇ, ಎಡ ಮೂತ್ರಪಿಂಡ ಊದಿದೆಯೇ, ಈ ನಾಲ್ಕನ್ನೂ ಬರೆದುಕೊಡಲು ಕೇಳಿ. ಮೂತ್ರಪಿಂಡ ಯಾಕೆ ಅಂದರೆ, ಎಂಡೊಮೆಟ್ರಿಯೋಸಿಸ್ ಮೂತ್ರನಾಳವನ್ನು ಹಿಂಡಿದರೆ ನೋವೇ ಇಲ್ಲದೆ ಮೂತ್ರಪಿಂಡ ಹಾಳಾಗಬಹುದು.

ಇದನ್ನು ಪಿಸಿಒಡಿ ಜತೆ ಬೆರೆಸಬೇಡಿ. ಅಲ್ಲಿ ಕಾಣುವುದು ಪೂರ್ತಿ ಬೆಳೆಯದೆ ನಿಂತ 2-9 ಮಿ.ಮೀ. ಮೊಟ್ಟೆಕೋಶಗಳು. ಅವನ್ನು ಯಾರೂ ತೆಗೆಯುವುದಿಲ್ಲ, ಚಿಕಿತ್ಸೆಯೇ ಬೇರೆ.

ಸೂಜಿದಾರ

ಮಾತ್ರೆಯ ಪ್ರಶ್ನೆಗೆ ನೇರ ಉತ್ತರ: ಚಾಕೊಲೇಟ್ ಸಿಸ್ಟ್ ಮಾತ್ರೆಯಿಂದ ಮಾಯವಾಗುವುದಿಲ್ಲ. ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ 2 ಮಿ.ಗ್ರಾಂ. ದಿನಕ್ಕೊಂದು ತೆಗೆದುಕೊಂಡರೆ ನೋವು ಚೆನ್ನಾಗಿ ಇಳಿಯುತ್ತದೆ, ಸಿಸ್ಟ್ ಸ್ವಲ್ಪ ಕುಗ್ಗಲೂಬಹುದು. ಮೊದಲ ತಿಂಗಳುಗಳಲ್ಲಿ ಬಿಟ್ಟೂಬಿಟ್ಟು ಕಲೆ ಕಾಣಿಸುವುದು, ಕೆಲವರಿಗೆ ಮನಸ್ಸು ಕುಗ್ಗುವುದು ಅದರ ತೊಂದರೆ. ಆದರೆ ಅದು ಕೆಲಸ ಮಾಡುವುದೇ ಮೊಟ್ಟೆ ಬಿಡುಗಡೆಯನ್ನು ತಡೆದು. ಮಗುವಿಗೆ ಪ್ರಯತ್ನಿಸುತ್ತಿರುವವರು ಅದನ್ನು ನುಂಗಿದರೆ ಆ ತಿಂಗಳುಗಳು ನಷ್ಟ. 'ಮೂರು ತಿಂಗಳು ಇದನ್ನು ತಗೊಂಡು ಆಮೇಲೆ ಪ್ರಯತ್ನಿಸಿ, ಬೇಗ ನಿಲ್ಲುತ್ತದೆ' ಎಂಬ ಸಲಹೆ ಸಾಮಾನ್ಯ. ಹಾರ್ಮೋನಿನಿಂದ ಅಂಡಾಶಯವನ್ನು ಮಲಗಿಸಿಟ್ಟರೆ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ. ಯುರೋಪಿನ ಸಂತಾನ ವೈದ್ಯರ ಸಂಘ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಈ ಉದ್ದೇಶಕ್ಕೆ ಕೊಡಬೇಡಿ ಎಂದೇ ಹೇಳಿದೆ.

ಕಷಾಯ, ಗುಗ್ಗುಳದ ಮಾತ್ರೆಗಳಿಂದ ಸಿಸ್ಟ್ ಕರಗಿತು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮೊಟ್ಟೆ ಬೆಳೆಯುವ ಕ್ರಿಯೆಯಲ್ಲೇ ಹುಟ್ಟುವ ತಿಳಿನೀರಿನ ಸಿಸ್ಟ್‌ಗಳು ಏನೂ ಕೊಡದಿದ್ದರೂ ಎರಡು ಮೂರು ಮುಟ್ಟಿನಲ್ಲಿ ಹೋಗುತ್ತವೆ. ಗರ್ಭನಿರೋಧಕ ಮಾತ್ರೆ ಕೊಟ್ಟರೆ ಅವು ಇನ್ನೂ ಬೇಗ ಹೋಗುತ್ತವೆ ಎಂದೇನಿಲ್ಲ. ಆ ಅವಧಿಯಲ್ಲಿ ಯಾವ ಔಷಧ ಬಾಯಿಗೆ ಬಿದ್ದಿತ್ತೋ ಅದಕ್ಕೆ ಹೆಸರು ಬರುತ್ತದೆ.

ಈಗ ಮೊಟ್ಟೆ ಹೋಗುವ ವಿಷಯ. ಕೊಬ್ಬು, ಕೂದಲು ತುಂಬಿರುವ ಡರ್ಮಾಯ್ಡ್ ಎಂಬ ಬೇರೆ ಬಗೆಯ ಸಿಸ್ಟಿಗೆ ತನ್ನದೇ ಸಿಪ್ಪೆ ಇದೆ, ಕಿತ್ತಳೆ ಸುಲಿದ ಹಾಗೆ ಬಿಡಿಸಬಹುದು. ಚಾಕೊಲೇಟ್ ಸಿಸ್ಟಿನ ಗೋಡೆ ಅಂದರೆ ಅಂಡಾಶಯದ ಹೊರಪದರವೇ ಒಳಕ್ಕೆ ಮಡಚಿಕೊಂಡದ್ದು. ಮೊಟ್ಟೆಗಳ ದಾಸ್ತಾನು ಇರುವುದೂ ಅದೇ ಹೊರಪದರದಲ್ಲಿ. ಕಾಯಿ ಮಾವಿನ ಸಿಪ್ಪೆಯನ್ನು ಕೈಯಲ್ಲಿ ಎಳೆದರೆ ತಿರುಳೂ ಅಂಟಿ ಬರುವುದಿಲ್ಲವೇ, ಹಾಗೆ. ಅತ್ಯಂತ ನುರಿತ ಕೈಯಲ್ಲೂ ಸ್ವಲ್ಪ ಹೋಗಿಯೇ ಹೋಗುತ್ತದೆ. ಎರಡನೇ ನಷ್ಟ ರಕ್ತ ನಿಲ್ಲಿಸುವಾಗ. ಸಿಸ್ಟ್ ಸುಲಿದ ಮೇಲೆ ಬುಡದಲ್ಲಿ, ರಕ್ತನಾಳಗಳು ಒಳಹೋಗುವ ಜಾಗದಲ್ಲಿ, ರಕ್ತ ಜಿನುಗುತ್ತದೆ. ಅಲ್ಲಿ ಬೈಪೋಲಾರ್ ಕರೆಂಟಿನಿಂದ ಮತ್ತೆ ಮತ್ತೆ ಸುಟ್ಟರೆ ಉಳಿದ ಮೊಟ್ಟೆಗಳೂ, ಅವಕ್ಕೆ ರಕ್ತ ಕೊಡುವ ನಾಳಗಳೂ ಬೇಯುತ್ತವೆ. ಸಣ್ಣ ದಾರದಿಂದ ಒಳಗಿನಿಂದ ಹೊಲಿಗೆ ಹಾಕಿ ನಿಲ್ಲಿಸಿದರೆ ನಷ್ಟ ಕಡಿಮೆ. ಎರಡೂ ಕಡೆ ಸಿಸ್ಟ್ ಇದ್ದರೆ ಎಎಂಎಚ್ ಬೀಳುವುದು ಹೆಚ್ಚು. ಅದೇ ಅಂಡಾಶಯಕ್ಕೆ ಎರಡನೇ ಸಲ ಆಪರೇಷನ್ ಅಂದರೆ ಇನ್ನೂ ಕೆಟ್ಟದ್ದು. ಹಾಗಾಗಿ ಜೀವನದಲ್ಲಿ ಒಂದೇ ಸಲ, ಸರಿಯಾದ ಸಮಯಕ್ಕೆ, ಸರಿಯಾದ ಕೈಯಿಂದ ಆಗಬೇಕು.

ಸೂಜಿ ಹಾಕಿ ದ್ರವ ಎಳೆದುಬಿಡೋಣ ಎಂದರೆ ಒಪ್ಪಬೇಡಿ. ಗೋಡೆ ಅಲ್ಲೇ ಇರುವುದರಿಂದ ಕೆಲವೇ ತಿಂಗಳಲ್ಲಿ ಮತ್ತೆ ತುಂಬುತ್ತದೆ, ಹಳೆಯ ರಕ್ತಕ್ಕೆ ಸೋಂಕು ತಗುಲಿ ಕೀವಾದರೆ ಅಂಡಾಶಯವೇ ಹೋಗಬಹುದು. ದ್ರವ ತೆಗೆದು ಒಳಗೆ ಆಲ್ಕೋಹಾಲ್ ತುಂಬಿ ತೊಳೆಯುವ ಸ್ಕ್ಲೆರೋಥೆರಪಿ ಬೇರೆ ವಿಧಾನ. ಮರುಕಳಿಸಿದ ಸಿಸ್ಟಿಗೆ, ಮೊಟ್ಟೆ ಕಡಿಮೆ ಇರುವವರಿಗೆ ಅದನ್ನು ಯೋಚಿಸುತ್ತಾರೆ, ಆದರೆ ಎಲ್ಲ ಕಡೆ ಮಾಡುವುದಿಲ್ಲ.

ನಿಮ್ಮ ತಂಗಿಗೆ ಮುಂದಿನ ವಾರವೇ ಆಪರೇಷನ್ ಮಾಡುವಂಥ ಅವಸರ ಈ ರಿಪೋರ್ಟ್‌ನಲ್ಲಿ ನನಗೆ ಕಾಣುವುದಿಲ್ಲ. ಮಾತ್ರೆಗೂ ಬಗ್ಗದ ನೋವು, ವೇಗವಾಗಿ ಬೆಳೆಯುವುದು, ಸ್ಕ್ಯಾನ್‌ನಲ್ಲಿ ಅನುಮಾನದ ಗುರುತು, ನೀರು ತುಂಬಿ ಊದಿದ ನಳಿಕೆ, ಇವುಗಳಲ್ಲಿ ಒಂದಿದ್ದರೆ ಮಾತು ಬೇರೆ. ನೋವು ನಿಜಕ್ಕೂ ಬದುಕನ್ನೇ ತಿನ್ನುತ್ತಿದ್ದರೆ ಆಪರೇಷನ್ ತಪ್ಪು ನಿರ್ಧಾರವೂ ಅಲ್ಲ. ಆದರೆ ಹಾಗೆ ಮಾಡಿಸಿಕೊಂಡರೆ, ಚೇತರಿಸಿಕೊಂಡ ಕೂಡಲೇ ಪ್ರಯತ್ನ ಶುರುವಾಗಬೇಕು. ಮೊದಲ ವರ್ಷವೇ ಒಳ್ಳೆಯ ಕಾಲ. ಆಪರೇಷನ್ ಮಾಡಿಸಿ ಎರಡು ವರ್ಷ ಸುಮ್ಮನಿದ್ದರೆ ಸಿಸ್ಟ್ ವಾಪಸ್ ಬರಬಹುದು. ಮಗು ಸದ್ಯಕ್ಕೆ ಬೇಡ ಎನ್ನುವವರಿಗೆ ಆಪರೇಷನ್ ಆದ ಮೇಲೆ ಹಾರ್ಮೋನ್ ಮಾತ್ರೆ ಅಥವಾ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಕೊಡುವುದು ಇದೇ ಕಾರಣಕ್ಕೆ.

ಸರ್ಜನ್ ಹತ್ತಿರ ಕೂತಾಗ ಕೇಳಲೇಬೇಕಾದವು. ಸಿಸ್ಟ್ ಮಾತ್ರ ತೆಗೆಯುತ್ತೀರೋ, ಅಂಡಾಶಯವನ್ನೂ ತೆಗೆಯುವ ಸಾಧ್ಯತೆ ಇದೆಯೋ? ರಕ್ತ ಹೊಲಿಗೆಯಿಂದ ನಿಲ್ಲಿಸುತ್ತೀರೋ, ಸುಟ್ಟೋ? ಅದೇ ಸಲ ನೀಲಿ ಬಣ್ಣ ಬಿಟ್ಟು ನಳಿಕೆ ತೆರೆದಿದೆಯೇ ನೋಡುತ್ತೀರಾ? ಆಪರೇಷನ್ ಟಿಪ್ಪಣಿಯಲ್ಲಿ ನಳಿಕೆ, ನಳಿಕೆಯ ತುದಿಯ ಬೆರಳುಗಳು, ಅಂಡಾಶಯ ಎರಡೂ ಕಡೆ ಹೇಗಿದ್ದವು ಎಂದು ಬರೆಯುತ್ತೀರಾ? ಆ ಟಿಪ್ಪಣಿ ಮತ್ತು ವಯಸ್ಸು, ಪ್ರಯತ್ನದ ವರ್ಷ ಸೇರಿಸಿ ಇಎಫ್‌ಐ ಎಂಬ 0-10ರ ಅಂಕ ಹಾಕುತ್ತಾರೆ. ಸಹಜವಾಗಿ ಎಷ್ಟು ಕಾಲ ಪ್ರಯತ್ನಿಸಬಹುದು, ಯಾವಾಗ ಐವಿಎಫ್‌ಗೆ ಹೋಗಬೇಕು ಎಂಬುದಕ್ಕೆ ಅದು ಒಳ್ಳೆಯ ದಾರಿ ತೋರುತ್ತದೆ.

ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಹಿಂದಿನ ದಿನವೇ ತರಿಸಿಕೊಂಡು ಓದಿ. ಅಚ್ಚಾದ ಫಾರಂನಲ್ಲಿ 'ಸಿಸ್ಟೆಕ್ಟಮಿ (ಸಿಸ್ಟ್ ಮಾತ್ರ ತೆಗೆಯುವುದು) / ಊಫರೆಕ್ಟಮಿ (ಅಂಡಾಶಯವನ್ನೇ ತೆಗೆಯುವುದು)' ಎಂದು ಎರಡೂ ಒಟ್ಟಿಗೆ ಇರುತ್ತದೆ. ಬೇಡದ್ದನ್ನು ಹೊಡೆದುಹಾಕಿಸಿ, 'ಪ್ರಾಣಾಪಾಯದ ರಕ್ತಸ್ರಾವ ಬಿಟ್ಟು ಬೇರೆ ಯಾವ ಕಾರಣಕ್ಕೂ ಅಂಡಾಶಯ ತೆಗೆಯಬಾರದು' ಎಂದು ಕೈಬರಹದಲ್ಲಿ ಸೇರಿಸಿ ಇಬ್ಬರೂ ಸಹಿ ಮಾಡಿ. ಒಳ್ಳೆಯ ಸರ್ಜನ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ತೆಗೆದ ಸಿಸ್ಟ್ ಬಯಾಪ್ಸಿಗೆ ಹೋಗಲೇಬೇಕು, ರಿಪೋರ್ಟ್ ಕೈಗೆ ಬರುವವರೆಗೆ ಬಿಡಬೇಡಿ.

ಮೈಸೂರು ಲ್ಯಾಬ್

ಎಎಂಎಚ್ 1.9 ಎಂದಿದ್ದೀರಿ, ಘಟಕ ನೋಡಿದಿರಾ? ಎನ್‌ಜಿ/ಎಂಎಲ್ ಆಗಿದ್ದರೆ 28ಕ್ಕೆ ಸ್ವಲ್ಪ ಕಡಿಮೆಯ ಬದಿಗಿದೆ, ಹೆದರುವ ಅಂಕಿ ಅಲ್ಲ. ಪಿಮೋಲ್/ಲೀಟರ್ ಆಗಿದ್ದರೆ ತುಂಬಾ ಕಡಿಮೆ, ಏಕೆಂದರೆ ಮೊದಲನೆಯದನ್ನು 7.14ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಗರ್ಭನಿರೋಧಕ ಮಾತ್ರೆಯಂಥ ಹಾರ್ಮೋನ್ ತೆಗೆದುಕೊಳ್ಳುತ್ತಿರುವಾಗ ಮಾಡಿಸಿದ್ದರೂ ಅಂಕಿ ಇಳಿದಿರುತ್ತದೆ.

ಇದಕ್ಕಿಂತ ಮುಖ್ಯವಾದದ್ದು: ಎಎಂಎಚ್ ಹೇಳುವುದು ಚುಚ್ಚುಮದ್ದು ಕೊಟ್ಟರೆ ಎಷ್ಟು ಮೊಟ್ಟೆ ಸಿಗಬಹುದು ಎಂಬುದನ್ನು. ಸಹಜವಾಗಿ ಗರ್ಭ ನಿಲ್ಲುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಬಂಜೆತನದ ಇತಿಹಾಸವಿಲ್ಲದ 30-44 ವಯಸ್ಸಿನ ಹೆಂಗಸರ ಬಗ್ಗೆ 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರೂ ಉಳಿದವರಷ್ಟೇ ಗರ್ಭ ಧರಿಸಿದ್ದರು. ತಿಂಗಳಿಗೆ ಬೇಕಾಗಿರುವುದು ಒಂದು ಮೊಟ್ಟೆ, ಅಷ್ಟೆ.

ನಿಮ್ಮ ಪಟ್ಟಿಯಲ್ಲಿ ಗಂಡನ ವೀರ್ಯ ಪರೀಕ್ಷೆಯೇ ಇಲ್ಲ. ಹೆಂಡತಿಯ ಹೊಟ್ಟೆಗೆ ರಂಧ್ರ ಮಾಡುವ ಮುನ್ನ ಅದು ಆಗಲೇಬೇಕು. 2ರಿಂದ 7 ದಿನ ಸಂಬಂಧ ಬಿಟ್ಟು, ಲ್ಯಾಬಿನಲ್ಲೇ ಕೊಟ್ಟರೆ ಉತ್ತಮ. ಮನೆಯಿಂದ ತರುವುದಾದರೆ ಮೈಶಾಖದಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಡಬ್ಲ್ಯುಎಚ್‌ಒ 2021ರ ಕೈಪಿಡಿ ಪ್ರಕಾರ ಕೆಳಮಿತಿ: ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲನೆ ಶೇ. 42. ಇಲ್ಲಿ ದೊಡ್ಡ ಕೊರತೆ ಕಂಡರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಆಗ ಸಿಸ್ಟ್ ಮುಟ್ಟದೆ ನೇರ ಐವಿಎಫ್‌ಗೆ ಹೋಗುವುದೇ ಸರಿಯಾಗಬಹುದು. ಇದಾದ ಮೇಲೆ ಮುಟ್ಟು ನಿಂತು, ಮೊಟ್ಟೆ ಬಿಡುವ ಮುನ್ನ, ನಳಿಕೆ ಪರೀಕ್ಷೆ.

35ರೊಳಗಿನವರಿಗೆ ಒಂದು ವರ್ಷ ಪ್ರಯತ್ನಿಸಿ ಎನ್ನುತ್ತಾರೆ. ಎಂಡೊಮೆಟ್ರಿಯೋಸಿಸ್ ಗೊತ್ತಾಗಿದ್ದರೆ ಅಷ್ಟು ಕಾಯದೆ 6 ತಿಂಗಳಿಗೇ ಪರೀಕ್ಷೆ ಶುರುಮಾಡುವುದು ಒಳ್ಳೆಯದು, ಅಂದರೆ ಈಗಲೇ. ಅಲ್ಲಿಯವರೆಗೆ ಪ್ರಯತ್ನ ನಿಲ್ಲಿಸಬೇಡಿ. 28 ದಿನದ ಚಕ್ರಕ್ಕೆ 10ರಿಂದ 16ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಿನಿಂದಲೇ ತೆಗೆದುಕೊಳ್ಳಲಿ. ಮುಟ್ಟಿನ ನೋವಿಗೆ ತಗೊಳ್ಳುವ ಮೆಫೆನಮಿಕ್ ಆಸಿಡ್ ಥರದ ಮಾತ್ರೆಗಳು ಆ ಎರಡು ದಿನಕ್ಕೆ ಮಾತ್ರ. ಚಕ್ರದ ಮಧ್ಯದಲ್ಲಿ ತಲೆನೋವಿಗೂ ಅದನ್ನೇ ನುಂಗಿದರೆ ಮೊಟ್ಟೆಕೋಶ ಒಡೆಯದೆ ಉಳಿಯಬಹುದು. ಆಗ ಪ್ಯಾರಾಸಿಟಮಾಲ್ ಸಾಕು.

ಐವಿಎಫ್ ಬೇಕಾದರೂ ಸಿಸ್ಟ್ ಮೊದಲು ತೆಗೆಯಲೇಬೇಕು ಎಂಬ ನಿಯಮ ಇಲ್ಲ. ತೆಗೆದ ಮಾತ್ರಕ್ಕೆ ಮಗುವಾಗುವ ಪ್ರಮಾಣ ಹೆಚ್ಚುವುದಿಲ್ಲ, ಸಿಗುವ ಮೊಟ್ಟೆ ಕಡಿಮೆಯಾಗಬಹುದು. ಮೊಟ್ಟೆ ತೆಗೆಯುವ ಸೂಜಿಗೆ ಸಿಸ್ಟ್ ಅಡ್ಡ ಬಂದರೆ ಮಾತ್ರ ಯೋಚಿಸುತ್ತಾರೆ. ಸೂಜಿ ಸಿಸ್ಟಿಗೆ ತಾಗದಂತೆ ನೋಡಿಕೊಳ್ಳಬೇಕು, ಆಂಟಿಬಯಾಟಿಕ್ ಕೊಡಬೇಕು. ಎರಡೂ ಕಡೆ ದೊಡ್ಡ ಸಿಸ್ಟ್ ಇದ್ದು ಆಪರೇಷನ್ ತಪ್ಪದು ಎನ್ನುವವರು ಅದಕ್ಕೆ ಮೊದಲೇ ಮೊಟ್ಟೆ ಅಥವಾ ಭ್ರೂಣ ಶೈತ್ಯದಲ್ಲಿಡುವ ಬಗ್ಗೆ ಕೇಳಲಿ. 2021ರ ಎಆರ್‌ಟಿ (ನೆರವಿನ ಸಂತಾನ ಚಿಕಿತ್ಸೆ) ಕಾಯ್ದೆ ಪ್ರಕಾರ ನಮ್ಮಲ್ಲಿ 10 ವರ್ಷದವರೆಗೆ ಇಡಬಹುದು.

ಸಿಸ್ಟ್ ಇದ್ದೂ ಬಸಿರಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬಸಿರಿನ ಹಾರ್ಮೋನಿನಿಂದ ಚಾಕೊಲೇಟ್ ಸಿಸ್ಟಿನ ಗೋಡೆ ದಪ್ಪಗಾಗಿ ರಕ್ತಸಂಚಾರ ಕಾಣಿಸಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆ ತೋರಬಹುದು. ಸಿಸ್ಟ್ ಮೊದಲೇ ಇತ್ತು ಎಂದು ತೋರಿಸಲು ಈಗಿನ ಸ್ಕ್ಯಾನ್ ಚಿತ್ರ ಜೋಪಾನವಾಗಿಡಿ.

ಕ್ಲೇಮ್ ಡೆಸ್ಕ್

ಖರ್ಚಿನ ಕಡೆ ಒಂದೆರಡು ಮಾತು. ಆರೋಗ್ಯ ವಿಮೆಗಳಲ್ಲಿ ಬಂಜೆತನದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಸಿಸ್ಟ್ ಆಪರೇಷನ್ ಹಾಗಲ್ಲ. ಆದರೆ ಅನೇಕ ಪಾಲಿಸಿಗಳಲ್ಲಿ ಸಿಸ್ಟ್, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್‌ಗೆ 24 ತಿಂಗಳ ಕಾಯುವ ಅವಧಿ ಇರುತ್ತದೆ. ದಿನಾಂಕ ನೋಡಿಕೊಳ್ಳಿ. ಆಪರೇಷನ್ ನೋವಿಗಾಗಿಯೇ ಆಗುತ್ತಿದ್ದರೂ ಡಿಸ್ಚಾರ್ಜ್ ಸಾರಾಂಶದಲ್ಲಿ 'ಪ್ರೈಮರಿ ಇನ್‌ಫರ್ಟಿಲಿಟಿ' ಎಂದಷ್ಟೇ ಬರೆದುಬಿಟ್ಟರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ. 'ಎಡ ಅಂಡಾಶಯದ ಎಂಡೊಮೆಟ್ರಿಯೋಮಾ, ತೀವ್ರ ಮುಟ್ಟಿನ ನೋವು' ಎಂದು ಇದ್ದದ್ದು ಇದ್ದ ಹಾಗೆ ದಾಖಲಾಗಿದೆಯೇ ಎಂದು ಬಿಲ್ ಕಟ್ಟುವ ಮುಂಚೆ ಓದಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಬೇಕೇ ಎಂದು ಅಲ್ಲಿಯ ಆರೋಗ್ಯಮಿತ್ರರನ್ನು ಕೇಳಿ.

ತುಂಗಾತೀರ

ತುಂಬಾ ಉಪಕಾರವಾಯಿತು. ಎಎಂಎಚ್ ಎನ್‌ಜಿ/ಎಂಎಲ್ ಎಂದೇ ಇದೆ. ಭಾವನವರ ಪರೀಕ್ಷೆಗೆ ನಾಳೆಯೇ ಹೇಳುತ್ತೇನೆ. ಜೊತೆಗೆ ಇನ್ನೊಂದು: ಚಿಕ್ಕಮ್ಮನ ಮಗಳಿಗೆ 20 ವರ್ಷ, ಮದುವೆಯಾಗಿಲ್ಲ. ಹೊಟ್ಟೆ ಮೇಲಿನಿಂದ ಮಾಡಿದ ಸ್ಕ್ಯಾನ್‌ನಲ್ಲಿ ಬಲಗಡೆ 7 ಸೆಂ.ಮೀ. ಡರ್ಮಾಯ್ಡ್ ಎಂದಿದ್ದಾರೆ. ನೋವೇ ಇಲ್ಲ. ಮದುವೆ ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದಾರೆ. ಕಾಯಬಹುದೇ?

ಸೂಜಿದಾರ

ಇಲ್ಲಿ ನನ್ನ ಸಲಹೆ ಉಲ್ಟಾ: ಇದನ್ನು ಮುಂದಕ್ಕೆ ಹಾಕಬೇಡಿ. ಡರ್ಮಾಯ್ಡ್ ಒಳಗೆ ಇರುವುದು ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು. ಯಾವ ಮಾತ್ರೆಗೂ ಅದು ಕರಗದು. ವರ್ಷಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ, ಆದ್ದರಿಂದ ಚಿಕ್ಕದಿದ್ದರೆ ಕಾಯಬಹುದಿತ್ತು. 7 ಸೆಂ.ಮೀ. ಭಾರದ, ಅಂಟಿಕೊಳ್ಳದೆ ಓಲಾಡುವ ಸಿಸ್ಟ್ ಅಂಡಾಶಯವನ್ನು ಬುಡದಲ್ಲಿ ತಿರುಚಿಬಿಡುವ ಅಪಾಯ ಇದೆ. ಚಾಕೊಲೇಟ್ ಸಿಸ್ಟ್ ಸುತ್ತಲಿಗೆ ಅಂಟಿಕೊಂಡಿರುವುದರಿಂದ ಹಾಗೆ ತಿರುಚುವುದು ಅಪರೂಪ.

ಮದುವೆಯಾಗದವರಿಗೆ ಒಳಗಿನ ಸ್ಕ್ಯಾನ್ ಸಾಮಾನ್ಯವಾಗಿ ಮಾಡುವುದಿಲ್ಲ. ಅನುಮಾನ ಉಳಿದರೆ ಎಂಆರ್‌ಐ ಮಾಡಿಸಿ, ಕೊಬ್ಬು ಅದರಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಈ ವಯಸ್ಸಿನಲ್ಲಿ ಗಟ್ಟಿ ಭಾಗ ಇರುವ ಸಿಸ್ಟಿಗೆ ಸಿಎ-125 ಒಂದೇ ಸಾಲದು. ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಈ ಮೂರು ರಕ್ತಪರೀಕ್ಷೆಗಳನ್ನೂ ಆಪರೇಷನ್ನಿಗೆ ಮುಂಚೆಯೇ ನೋಡಬೇಕು. ಅವು ಏರಿದ್ದರೆ ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಬೇಕು.

ಸಿಸ್ಟ್ ಮಾತ್ರ ತೆಗೆದು ಅಂಡಾಶಯ ಉಳಿಸುವುದೇ ಸರಿಯಾದ ಆಪರೇಷನ್. ಹಿಗ್ಗಿದ ಅಂಡಾಶಯ ತೆಳ್ಳಗೆ ಸಿಪ್ಪೆಯಂತೆ ಕಂಡರೂ ಉಳಿಸಿದರೆ ಮತ್ತೆ ಕೆಲಸ ಮಾಡುತ್ತದೆ. ಸಿಸ್ಟ್ ಅನ್ನು ಚೀಲದೊಳಗೆ ಹಾಕಿಯೇ ಹೊರತೆಗೆಯುತ್ತೀರಾ ಎಂದು ಕೇಳಿ. ಕೊಬ್ಬು ಹೊಟ್ಟೆಯೊಳಗೆ ಚೆಲ್ಲಿದರೆ ಉರಿಯೂತವಾಗಿ ಕರುಳು, ನಳಿಕೆಗಳು ಅಂಟಿಕೊಳ್ಳಬಹುದು, ಮುಂದೆ ಗರ್ಭಕ್ಕೆ ತೊಂದರೆ ಕೊಡುವುದು ಅದೇ. ಚೆಲ್ಲಿದರೂ ಬೆಚ್ಚಗಿನ ಸಲೈನ್‌ನಿಂದ ನೀರು ತಿಳಿಯಾಗಿ ಬರುವವರೆಗೆ ತೊಳೆದರೆ ಸಾಮಾನ್ಯವಾಗಿ ತೊಂದರೆಯಾಗದು. ಇನ್ನೊಂದು ಅಂಡಾಶಯವನ್ನು ಕಣ್ಣಿಂದ ನೋಡಿದರೆ ಸಾಕು, ಚೆನ್ನಾಗಿರುವುದನ್ನು ಸೀಳಿ ನೋಡಬಾರದು. ಅಕಸ್ಮಾತ್ ಒಂದು ಅಂಡಾಶಯ ಪೂರ್ತಿ ಹೋದರೂ ಉಳಿದದ್ದು ಪ್ರತಿ ತಿಂಗಳೂ ಮೊಟ್ಟೆ ಕೊಡುತ್ತದೆ, ಮುಟ್ಟೂ ಬರುತ್ತದೆ, ಮಕ್ಕಳೂ ಆಗುತ್ತವೆ. ಇದನ್ನು ಚಿಕ್ಕಮ್ಮನವರಿಗೆ ಗಟ್ಟಿಯಾಗಿ ಹೇಳಿ.

ಆಪರೇಷನ್ ದಿನದವರೆಗೆ ಕುಣಿತ, ಓಟ, ಜಿಗಿತ ಬಿಡಲಿ. ಹಠಾತ್ತಾಗಿ ಒಂದು ಪಕ್ಕ ಹಿಂಡುವ ನೋವು ಬಂದು ವಾಂತಿ ಶುರುವಾದರೆ ಜೀರಿಗೆ ಕಷಾಯ, ಗ್ಯಾಸ್ ಮಾತ್ರೆ ಎಂದು ಬೆಳಗಿನವರೆಗೆ ಕಾಯಬೇಡಿ. ಏನೂ ತಿನ್ನಿಸದೆ, ಕುಡಿಸದೆ ರಾತ್ರಿಯಾದರೂ ಹೊರಡಿ. ಡಾಪ್ಲರ್‌ನಲ್ಲಿ ರಕ್ತಸಂಚಾರ ಕಂಡರೂ ತಿರುಚಿಕೊಂಡಿಲ್ಲ ಎಂದು ಅರ್ಥವಲ್ಲ. ಹೊಟ್ಟೆಯೊಳಗೆ ನೋಡಿದಾಗ ಅಂಡಾಶಯ ಕಪ್ಪು-ನೀಲಿ ಆಗಿದ್ದರೂ ತಿರುಚು ಬಿಡಿಸಿ ಬಿಟ್ಟರೆ ಬಹಳಷ್ಟು ಸಲ ಚೇತರಿಸಿಕೊಳ್ಳುತ್ತದೆ. 'ಕಪ್ಪಾಗಿದೆ, ತೆಗೆಯುತ್ತೇವೆ' ಎಂದರೆ ಬಿಡಿಸಿ ಉಳಿಸಲು ಆಗುವುದೇ ಎಂದು ಅಲ್ಲೇ ಕೇಳಿ. ಕ್ಯಾಶುವಾಲ್ಟಿ ಬಾಗಿಲಲ್ಲೇ ಹಳೆಯ ಸ್ಕ್ಯಾನ್ ಕೈಗೆ ಕೊಟ್ಟು 'ಬಲ ಅಂಡಾಶಯದಲ್ಲಿ 7 ಸೆಂ.ಮೀ. ಡರ್ಮಾಯ್ಡ್ ಇದೆ' ಎನ್ನಿ. ಬಲಗಡೆ ಹೊಟ್ಟೆನೋವು ಎಂದಷ್ಟೇ ಹೇಳಿದರೆ ಅಪೆಂಡಿಕ್ಸ್ ಹುಡುಕುವುದರಲ್ಲೇ ಗಂಟೆಗಳು ಹೋಗುತ್ತವೆ.